ದೊಡ್ಡಮ್ಮ ಹೇಳಿದ ಮೂರನೇ ವಾರ

ಮೈದಾ ಹಿಟ್ಟು ಬೇಯುವಾಗ ಒಂದು ವಾಸನೆ ಬರುತ್ತದೆ. ಮೊದಲು ಹಸಿ ಹಸಿಯಾಗಿ, ಆಮೇಲೆ ಸ್ವಲ್ಪ ಸಿಹಿಯಾಗಿ, ತಳ ಹಿಡಿಯುವ ಹೊತ್ತಿಗೆ ಸುಟ್ಟ ಕಾಗದದ ಹಾಗೆ. ಕಳೆದ ಭಾನುವಾರ ಬೆಳಿಗ್ಗೆ ತಣಿಸಂದ್ರದ ನಮ್ಮ ಫ್ಲಾಟಿನಲ್ಲಿ ಮಗಳು ಫೋನ್ ನೋಡಿಕೊಂಡು ಪಾಸ್ತಾಕ್ಕೆ ಬಿಳಿ ಸಾಸ್ ಮಾಡುತ್ತಿದ್ದಳು. ಆ ವಾಸನೆ ಒಲೆಯಿಂದ ಎದ್ದು ಹೊರಗಿನ ಕೋಣೆಗೆ ಬಂದಾಗ ನಾನು ಓದುತ್ತಿದ್ದ ಪೇಪರನ್ನು ಮಡಿಚಿಟ್ಟು ಕಣ್ಣು ಮುಚ್ಚಿಕೊಂಡೆ. ಯಶವಂತಪುರದ ಟಾಕೀಸಿನ ಹಿಂದಿನ ಅಂಗಳ ಕಣ್ಣ ಮುಂದೆ ಬಂತು. ಗುರುವಾರದ ಬೆಳಗುಗಳಲ್ಲಿ ಅಲ್ಲಿ ಮೂರು ಕಲ್ಲಿನ ಒಲೆಯ ಮೇಲೆ ದೊಡ್ಡ ತಪ್ಪಲೆ ಕೂತಿರುತ್ತಿತ್ತು. ದೊಡ್ಡಮ್ಮ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಮಾರನೆಯ ದಿನದ ಹೊಸ ಚಿತ್ರದ ಪೋಸ್ಟರುಗಳಿಗೆಂದು ಬಿದಿರು ಕೋಲಿನಿಂದ ಅಂಟು ತಿರುವುತ್ತಿದ್ದಳು. ಹುಳ ಹಿಡಿಯದಿರಲಿ ಎಂದು ಚಿಟಿಕೆ ಮೈಲುತುತ್ತ ಹಾಕಿದೊಡನೆ ಬಿಳಿ ಅಂಟಿನೊಳಗೆ ಒಂದು ನೀಲಿ ಗೆರೆ ಹುಟ್ಟಿ, ಸುತ್ತುತ್ತಾ ಸುತ್ತುತ್ತಾ ಕರಗಿ ಹೋಗುತ್ತಿತ್ತು. ಅದು ಕರಗುವ ಕ್ಷಣವನ್ನು ಹಿಡಿಯಬೇಕೆಂದು ನಾನು ಕಣ್ಣು ಮಿಟುಕಿಸದೆ ಕೂರುತ್ತಿದ್ದೆ. ಒಮ್ಮೆಯೂ ಹಿಡಿಯಲಾಗಲಿಲ್ಲ.

ನಮ್ಮ ಮನೆ ಟಾಕೀಸಿನ ಬೆನ್ನಿಗೇ ಅಂಟಿಕೊಂಡಿತ್ತು. ಅಪ್ಪ ಅಲ್ಲಿ ಮ್ಯಾನೇಜರ್ ಆಗಿದ್ದರಿಂದ ಮಾಲೀಕರಾದ ಸಾಹುಕಾರರು ಪರದೆಯ ಹಿಂದಿನ ಎರಡು ಕೋಣೆ, ಒಂದು ಅಡುಗೆಮನೆಯನ್ನು ನಮಗೆ ಬಿಟ್ಟುಕೊಟ್ಟಿದ್ದರು. ಬೇಸಿಗೆ ರಜೆಯ ಮಧ್ಯಾಹ್ನಗಳಲ್ಲಿ ತಣ್ಣನೆಯ ಕೆಂಪು ನೆಲದ ಮೇಲೆ ಮಲಗಿ ನಡುಮನೆಯ ಗೋಡೆಗೆ ಕಿವಿ ಕೊಟ್ಟರೆ ಮ್ಯಾಟಿನಿಯ ಮಾತುಗಳೆಲ್ಲ ನೀರಿನ ಅಡಿಯಿಂದ ಬಂದ ಹಾಗೆ ಕೇಳುತ್ತಿದ್ದವು. ಗೋಡೆಯ ಆಚೆ ಯಾರೋ ಯಾರನ್ನೋ ಕ್ಷಮಿಸುತ್ತಿದ್ದರು, ಯಾರೋ ಮನೆ ಬಿಟ್ಟು ಹೊರಡುತ್ತಿದ್ದರು. ನಡುವೆ ರೈಲು ಕೂಗಿದರೆ ಅದು ಕಥೆಯೊಳಗಿನ ರೈಲೋ ನಮ್ಮ ಸ್ಟೇಷನ್ನಿನ ಗೂಡ್ಸೋ ತಿಳಿಯುತ್ತಿರಲಿಲ್ಲ. ಅಮ್ಮ ಮೆಣಸಿನಕಾಯಿ ಒಗ್ಗರಣೆ ಹಾಕಿದ ದಿನ ಮುಂದಿನ ಸಾಲಿನವರು ಕೆಮ್ಮುತ್ತಿದ್ದರೆಂದು ಅಪ್ಪ ನಗುತ್ತಿದ್ದರು. ಆ ಗೊಣಗಾಟದ ನಡುವೆಯೇ ನನಗೆ ನಿದ್ದೆ ಬರುತ್ತಿತ್ತು, ಗೋಡೆಯಾಚೆಯ ಕಥೆ ನನ್ನ ಕನಸಿನೊಳಗೆ ಬಂದು ಮುಂದುವರಿಯುತ್ತಿತ್ತು. ಮುಕ್ಕಾಲು ಪಾಲು ಚಿತ್ರಗಳ ಕೊನೆಯನ್ನು ನಾನು ನೋಡಿದೆನೋ ಕನಸಿದೆನೋ ಈಗಲೂ ಹೇಳಲಾರೆ.

ದೊಡ್ಡಮ್ಮನ ಹೆಸರು ನಂಜಮ್ಮ. ಅಪ್ಪನ ಅಣ್ಣನ ಹೆಂಡತಿ. ನೆಲಮಂಗಲದ ಆಚೆಯ ಹಳ್ಳಿಯವಳು. ದೊಡ್ಡಪ್ಪ ಚಿಕ್ಕ ವಯಸ್ಸಿನಲ್ಲೇ ತೀರಿಕೊಂಡ ಮೇಲೆ ನಮ್ಮ ಮನೆಗೆ ಬಂದು, ಹೆಂಗಸರ ಕ್ಲಾಸಿನ ಬಾಗಿಲು ಕಾಯುವ ಕೆಲಸಕ್ಕೆ ಸೇರಿದ್ದಳು. ಆಗೆಲ್ಲ ಹೆಂಗಸರಿಗೆ ಬೇರೆ ಟಿಕೆಟ್ ಕಿಂಡಿ, ಎದೆಮಟ್ಟದ ಗೋಡೆಯ ಆಚೆ ಬೇರೆ ಬೆಂಚುಗಳು. ದೊಡ್ಡಮ್ಮ ಟಿಕೆಟ್ ಹರಿದು, ಟಾರ್ಚ್ ಬಿಟ್ಟು ಜಾಗ ತೋರಿಸಿ, ಬಾಗಿಲ ಬಳಿಯ ಸ್ಟೂಲಿನ ಮೇಲೆ ಕೂರುತ್ತಿದ್ದಳು. ಅವಳಿಗೆ ಓದು ಬರಹ ಬರುತ್ತಿರಲಿಲ್ಲ. ಆದರೆ ಒಂದು ಚಿತ್ರ ಎಷ್ಟು ವಾರ ಓಡುತ್ತದೆಂದು ಮೊದಲ ದಿನದ ಮ್ಯಾಟಿನಿ ಮುಗಿಯುವಷ್ಟರಲ್ಲಿ ಅವಳಿಗೆ ಗೊತ್ತಾಗುತ್ತಿತ್ತು. ಅವಳು ಪರದೆಯನ್ನು ನೋಡುತ್ತಿದ್ದುದು ಕಡಿಮೆ, ಹೆಂಗಸರನ್ನು ನೋಡುತ್ತಿದ್ದುದೇ ಹೆಚ್ಚು. ಮಗು ಅತ್ತಾಗ ತಾಯಿ ಎದ್ದು ಹೊರಗೆ ಬಂದು ಬೇರೆಯವರ ಜೊತೆ ಮಾತಿಗೆ ನಿಂತರೆ ಆ ಚಿತ್ರ ಒಂದು ವಾರ. ಮಗುವನ್ನು ತೂಗುತ್ತಾ ಬಾಗಿಲ ಪರದೆ ಸರಿಸಿ ಒಳಗೇ ಕಣ್ಣಿಟ್ಟಿದ್ದರೆ ಐದು ವಾರ. ಮುಗಿದ ಮೇಲೆ ನಗುತ್ತಾ ಬಂದವರಿಗಿಂತ ಮಾತಿಲ್ಲದೆ ಬಂದವರ ಮೇಲೆ ಅವಳಿಗೆ ನಂಬಿಕೆ ಜಾಸ್ತಿ. "ಸುಮ್ಕೆ ಬಂದೋಳು ಮನೇಗೋಗಿ ಏಳ್ತಾಳೆ ಕಣಮ್ಮಿ, ಪಕ್ಕದ್ಮನೆಯೋಳ್ನ ಕರ್ಕೊಂಡು ಬತ್ತಾಳೆ" ಎನ್ನುತ್ತಿದ್ದಳು.

ಈ ಸುದ್ದಿ ಗಾಂಧಿನಗರದವರೆಗೂ ಹೋಗಿತ್ತು. ಶುಕ್ರವಾರ ಮಧ್ಯಾಹ್ನ ಇಸ್ತ್ರಿ ಮಾಡಿದ ಬಿಳಿ ಶರ್ಟಿನ ಹಂಚಿಕೆದಾರರು ಕಾರು ನಿಲ್ಲಿಸಿ, ಅಪ್ಪನ ಆಫೀಸಿಗೆ ಹೋಗುವ ಮೊದಲು ನಮ್ಮ ಅಡುಗೆಮನೆಯ ಬಾಗಿಲಿಗೆ ಬರುತ್ತಿದ್ದರು. "ನಂಜಮ್ಮೋರೇ, ಎಷ್ಟು ವಾರ?" ದೊಡ್ಡಮ್ಮ ಅವರಿಗೆ ಕಾಫಿ ಕೊಟ್ಟು, ತಾನು ಹೊಸ್ತಿಲ ಮೇಲೆ ಕೂತು, ನೆಲ ನೋಡುತ್ತಾ ಒಂದು ಸಂಖ್ಯೆ ಹೇಳುತ್ತಿದ್ದಳು. ಮುಖ ಸಪ್ಪಗಾದವರೂ ಕಾಫಿಯನ್ನು ಪೂರ್ತಿ ಕುಡಿದೇ ಹೋಗುತ್ತಿದ್ದರು. ಅವಳ ಮಾತು ಸುಳ್ಳಾದದ್ದನ್ನು ನಾನು ಕಂಡಿಲ್ಲ.

ನಾನು ಐದನೇ ಕ್ಲಾಸಿನಲ್ಲಿದ್ದಾಗ ಆ ದೊಡ್ಡ ಚಿತ್ರ ಬಂತು. ಅಂಥದ್ದನ್ನು ನಾವು ಯಾರೂ ನೋಡಿರಲಿಲ್ಲ. ಮೊದಲ ದಿನ ಗೊರಗುಂಟೆಪಾಳ್ಯದ ಕಡೆಯಿಂದ ಲಾರಿಗಳಲ್ಲಿ ಜನ ಬಂದರು. ನಮ್ಮ ಅಡುಗೆಮನೆಯ ಗೋಡೆಗೆ ನೇತುಹಾಕಿದ್ದ ಸೌಟುಗಳು ಹೊಡೆದಾಟದ ಸದ್ದಿಗೆ ಗಲಗಲ ಅಲ್ಲಾಡಿದವು. ಅಂದು ದೊಡ್ಡಮ್ಮ ಹೊಸ್ತಿಲ ಮೇಲೆ ಬಹಳ ಹೊತ್ತು ಕೂತಿದ್ದಳು. "ಇದು ಓಡ್ತದೆ ಕಣಪ್ಪ. ನಿಲ್ಸಾಕೇ ಆಗಾಕಿಲ್ಲ" ಎಂದು ಅಪ್ಪನಿಗೆ ಹೇಳಿದಳೇ ಹೊರತು ಅವಳ ದನಿಯಲ್ಲಿ ಖುಷಿ ಇರಲಿಲ್ಲ. ಹೆಂಗಸರು ಅತ್ತಿದ್ದರೋ ನಕ್ಕಿದ್ದರೋ ಅವಳಿಗೆ ಗೊತ್ತಾಗಿರಲಿಲ್ಲವಂತೆ, ಸದ್ದಿನಲ್ಲಿ ಮಗು ಅತ್ತದ್ದೂ ಕೇಳಿಸಿರಲಿಲ್ಲವಂತೆ. ಆ ಚಿತ್ರ ದೀಪಾವಳಿ ದಾಟಿ, ಸಂಕ್ರಾಂತಿ ದಾಟಿ, ಯುಗಾದಿಯ ಹೊತ್ತಿಗೂ ಓಡುತ್ತಲೇ ಇತ್ತು. ಸಾಹುಕಾರರು ಮನೆಮಂದಿಗೆಲ್ಲ ಬಟ್ಟೆ ಕೊಡಿಸಿದರು. ಹೊಸ ಪರದೆ, ಹೊಸ ಸ್ಪೀಕರ್ ಬಂದವು. ಗಂಡಸರ ಕಡೆ ಸೀಟು ಹೆಚ್ಚಿಸಲೆಂದು ಹೆಂಗಸರ ಕ್ಲಾಸಿನ ಬೆಂಚುಗಳನ್ನು ಅರ್ಧಕ್ಕೆ ಇಳಿಸಿದರು. ನಾವು ಮಕ್ಕಳು ಆ ಹೊಡೆದಾಟಗಳನ್ನು ಅಂಗಳದಲ್ಲಿ ಆಡಿಕೊಂಡು ಬೆಳೆದೆವು. ನಾನು ಆ ಚಿತ್ರವನ್ನು ಎಷ್ಟು ಪ್ರೀತಿಸಿದೆನೆಂದರೆ ಅದರ ಒಂದೊಂದು ಮಾತೂ ನನಗೆ ಬಾಯಿಪಾಠವಾಗಿತ್ತು.

ಅದು ಹೋದ ಮೇಲೆ ಬಂದ ಚಿತ್ರಗಳು ಯಾಕೋ ಸಣ್ಣದಾಗಿ ಕಂಡವು. ಟಿಕೆಟ್ ಕಿಂಡಿಯಲ್ಲಿ ಕೈ ತೂರಿಸಿದವರು, "ಅದರ ಥರಾನೇ ಇದ್ಯಾ ಗುರು?" ಎಂದು ಕೇಳಿ, ಉತ್ತರ ಹಿಡಿಸದೆ ತಿರುಗಿ ಹೋಗುತ್ತಿದ್ದರು. ಬಿಳಿ ಶರ್ಟಿನವರು ಅಡುಗೆಮನೆಯ ಬಾಗಿಲಿಗೆ ಬರುವುದೂ ಕಡಿಮೆಯಾಯಿತು. ಅವರಿಗೀಗ ವಾರಗಳ ಲೆಕ್ಕ ಬೇಕಿರಲಿಲ್ಲ, ಮೊದಲ ಮೂರು ದಿನ ತುಂಬಿದರೆ ಸಾಕಿತ್ತು. ಮೂರು ದಿನ ತುಂಬುವುದಕ್ಕೆ ಕಟೌಟ್ ಎಷ್ಟು ಎತ್ತರ ಎಂದು ನೋಡಿದರಾಯಿತು, ದೊಡ್ಡಮ್ಮನನ್ನು ಕೇಳಬೇಕಾಗಿರಲಿಲ್ಲ.

ಆ ಹೊತ್ತಿಗೆ ಶ್ರೀಕಂಠ ಮಾಮನ ಚಿತ್ರ ಮುಗಿದಿತ್ತು. ಶ್ರೀಕಂಠ ಮಾಮ ನಮ್ಮ ಅಮ್ಮನ ದೂರದ ತಮ್ಮ. ಮತ್ತಿಕೆರೆಯ ಒಂದು ಕೋಣೆಯಲ್ಲಿದ್ದುಕೊಂಡು ಯಾರ್ಯಾರದೋ ಚಿತ್ರಗಳಿಗೆ ಸಹಾಯಕನಾಗಿ ದುಡಿಯುತ್ತಾ, ವಾರಕ್ಕೆರಡು ಸಲ ನಮ್ಮ ಮನೆಗೆ ಊಟಕ್ಕೆ ಬರುತ್ತಿದ್ದ. ಮುದ್ದೆ ಮುರಿಯುತ್ತಾ ದೊಡ್ಡಮ್ಮನಿಗೆ ತನ್ನ ಕಥೆ ಹೇಳುತ್ತಿದ್ದ. ಇಬ್ಬರು ಅಕ್ಕತಂಗಿಯರಿಗೆ ಇರುವುದು ಒಂದೇ ರೇಷ್ಮೆ ಸೀರೆ. ಊರಿನ ಮದುವೆಗಳಿಗೆ ಒಬ್ಬಳು ಹೋದರೆ ಇನ್ನೊಬ್ಬಳು ಮನೆಯಲ್ಲಿ. ಕೊನೆಗೆ ತಂಗಿಯ ಮದುವೆಯೇ ಗೊತ್ತಾಗುತ್ತದೆ, ತಂಗಿ ಆ ಸೀರೆಯುಟ್ಟು ಹಸೆಮಣೆಗೆ ಹೋಗುತ್ತಾಳೆ, ಅಕ್ಕ ಮನೆಯಲ್ಲಿ ಕೂತು ದೂರದ ಓಲಗ ಕೇಳುತ್ತಾಳೆ. ಇಷ್ಟೇ. ಇಷ್ಟನ್ನು ತೆಗೆಯಲು ಅವನಿಗೆ ನಾಲ್ಕು ವರ್ಷ ಹಿಡಿಯಿತು. ಎಲ್ಲೂ ಟಾಕೀಸು ಸಿಗದೆ ಕೊನೆಗೆ ಅಪ್ಪ ಸಾಹುಕಾರರನ್ನು ಒಪ್ಪಿಸಿ ಒಂದು ವಾರ ಕೊಡಿಸಿದರು. ಅದರ ಮುಂದಿನ ಶುಕ್ರವಾರಕ್ಕೆ, ಆ ದೊಡ್ಡ ಚಿತ್ರದ ನಾಯಕನದೇ ಹೊಸ ಚಿತ್ರ ನಿಗದಿಯಾಗಿತ್ತು.

ಮೊದಲ ಮ್ಯಾಟಿನಿಗೆ ಗಂಡಸರ ಕಡೆ ಬೆರಳೆಣಿಕೆಯಷ್ಟು ಜನ. ಹೆಂಗಸರ ಕಡೆ ಬೆಂಚುಗಳು ಹೆಚ್ಚುಕಮ್ಮಿ ತುಂಬಿದ್ದವು. ನಾನು ದೊಡ್ಡಮ್ಮನ ಸ್ಟೂಲಿನ ಪಕ್ಕ ನೆಲದ ಮೇಲೆ ಕೂತು ನೋಡಿದೆ. ಹೊಡೆದಾಟವಿಲ್ಲದ ಆ ಚಿತ್ರ ನನಗೆ ಬೇಸರ ತಂದಿತೆಂಬುದನ್ನು ಮುಚ್ಚಿಡುವುದಿಲ್ಲ. ಮುಗಿದಾಗ ಹೆಂಗಸರು ಎದ್ದರು, ಒಬ್ಬರೂ ಮಾತಾಡಲಿಲ್ಲ. ಚಪ್ಪಲಿಗಳ ಸದ್ದು ಮಾತ್ರ ಕೇಳುತ್ತಿತ್ತು. ಶ್ರೀಕಂಠ ಮಾಮ ಅಂಗಳದಲ್ಲಿ ಕೈ ಕಟ್ಟಿಕೊಂಡು ನಿಂತಿದ್ದ. ದೊಡ್ಡಮ್ಮ ಅವನನ್ನು ದಾಟಿ ನೇರ ಅಪ್ಪನ ಬಳಿ ಹೋದಳು.

"ಇದು ಮೆತ್ತಗೆ ಏಳ್ತದೆ ಕಣಪ್ಪ. ಈ ವಾರ ಖಾಲಿ, ಬರೋ ವಾರ ಅರ್ಧ. ಮೂರನೇ ವಾರ ಹೆಂಗಸ್ರು ಬಂದು ತುಂಬ್ಕಂತಾರೆ. ತೆಗೀಬ್ಯಾಡ."

"ಅತ್ತಿಗೆ, ಮೂರನೇ ವಾರ ನಮ್ಮ ಕೈಲಿಲ್ಲ" ಎಂದರು ಅಪ್ಪ.

ಮಂಗಳವಾರ ಬೆಳಿಗ್ಗೆ ದೊಡ್ಡಮ್ಮ ಪೆಟ್ಟಿಗೆಯಿಂದ ಒಳ್ಳೆಯ ಸೀರೆ ತೆಗೆದುಟ್ಟು, ಬಸ್ಸಿನ ಬೋರ್ಡ್ ಓದುವುದಕ್ಕೆಂದು ನನ್ನನ್ನು ಕರೆದುಕೊಂಡು ಆರ್.ಟಿ. ನಗರದ ಸಾಹುಕಾರರ ಮನೆಗೆ ಹೊರಟಳು. ಅಷ್ಟು ವರ್ಷಗಳಲ್ಲಿ ಅವಳು ಅವರನ್ನು ಏನನ್ನೂ ಕೇಳಿದವಳಲ್ಲ. ಸಾಹುಕಾರರು ಅವಳಿಗೆ ಕುರ್ಚಿ ಹಾಕಿಸಿದರು, ಅವಳು ಕೂರಲಿಲ್ಲ. ಮೂರು ವಾರ ಬಿಡಿ, ಆಮೇಲೆ ನನ್ನ ಮಾತು ಸುಳ್ಳಾದರೆ ಬಾಗಿಲು ಕಾಯುವ ಕೆಲಸವನ್ನೂ ಬಿಟ್ಟು ಊರಿಗೆ ಹೋಗುತ್ತೇನೆ ಎಂದಳು. ಸಾಹುಕಾರರು ಕೂತಲ್ಲಿಂದ ಎದ್ದು ಅವಳ ಎದುರು ನಿಂತರು. ಕೆಟ್ಟ ಮನುಷ್ಯರೇನೂ ಅಲ್ಲ ಅವರು.

"ನಂಜಮ್ಮ, ನಿಮ್ಮ ಮಾತು ಸುಳ್ಳಾಗಲ್ಲ, ನಂಗೊತ್ತು. ಆದ್ರೆ ಈ ಶುಕ್ರವಾರ ನಾನು ಅವರ ಪಿಕ್ಚರ್ ಬೇಡ ಅಂದ್ರೆ, ಇನ್ಮೇಲೆ ದೊಡ್ಡ ಪಿಕ್ಚರ್ ಯಾವುದನ್ನೂ ನನಗೆ ಕೊಡಲ್ಲ. ಬಾಗಿಲು ಹಾಕ್ಬೇಕಾಗುತ್ತೆ."

ಹಿಂತಿರುಗುವಾಗ ಬಸ್ಸಿನಲ್ಲಿ ದೊಡ್ಡಮ್ಮ ನನ್ನ ಕೈಯನ್ನು ತನ್ನ ಮಡಿಲಲ್ಲಿ ಇಟ್ಟುಕೊಂಡು ಕೂತಿದ್ದಳು. ನನಗೋ ಒಳಗೊಳಗೇ ಸಂತೋಷ. ಹೊಸ ಚಿತ್ರದ ಮೊದಲ ಆಟಕ್ಕೆ ಗೆಳತಿಯರನ್ನೆಲ್ಲ ಕರೆದುಕೊಂಡು ಹೋಗುತ್ತೇನೆಂದು ಸ್ಕೂಲಿನಲ್ಲಿ ಹೇಳಿಕೊಂಡಿದ್ದೆ.

ಗುರುವಾರದ ಮ್ಯಾಟಿನಿಗೆ ಗಂಡಸರ ಕಡೆ ಇನ್ನೂ ಖಾಲಿಯಿದ್ದರೂ ಹೆಂಗಸರ ಕಿಂಡಿಯ ಮುಂದೆ ಸಾಲು ಗೇಟಿನವರೆಗೆ ಬಂದಿತ್ತು. ಮೊದಲ ದಿನ ಮಾತಿಲ್ಲದೆ ಹೋದವರು ಅಕ್ಕಪಕ್ಕದವರನ್ನು ಕರೆದುಕೊಂಡು ಬಂದಿದ್ದರು. ಬೆಂಚು ಸಾಲದೆ ಗೋಡೆಗೊರಗಿ ನಿಂತು ನೋಡಿದರು. ಶುಕ್ರವಾರ ಬೆಳಿಗ್ಗೆ ಆ ಜಾಗದಲ್ಲಿ ತಮಟೆ, ಪಟಾಕಿ, ಕಟೌಟಿನ ಪಾದಕ್ಕೆ ಹಾಲು. ನಾನೂ ನನ್ನ ಗೆಳತಿಯರೂ ಆ ತಮಟೆಗೆ ಮೈಮರೆತು ಕುಣಿದೆವು. ಕುಣಿಯುತ್ತಾ ತಿರುಗಿದಾಗ ಗೇಟಿನ ಬಳಿ ಒಂದು ಆಟೋ ಕಂಡಿತು. ಶ್ರೀಕಂಠ ಮಾಮ ತನ್ನ ರೀಲು ಡಬ್ಬಗಳನ್ನು ಒಂದೊಂದಾಗಿ ಅದರಲ್ಲಿ ಇಡುತ್ತಿದ್ದ. ನನ್ನ ಕಾಲು ನಿಂತಿತು. ಅವನು ನನ್ನನ್ನು ನೋಡಿದ, ನಕ್ಕ, ನಿಲ್ಲಿಸಬೇಡ ಎನ್ನುವಂತೆ ಕೈಯಾಡಿಸಿದ. ಕೊನೆಯ ಡಬ್ಬವನ್ನು ತೊಡೆಯ ಮೇಲಿಟ್ಟುಕೊಂಡು ಕೂತ. ಆಟೋ ಜನರ ನಡುವೆ ದಾರಿ ಮಾಡಿಕೊಂಡು ಹೋಯಿತು.

ಎರಡು ದಿನ ಕಳೆದು ಭಾನುವಾರ, ಪೀಣ್ಯದ ಗಾರ್ಮೆಂಟ್ಸಿನಲ್ಲಿ ಕೆಲಸ ಮಾಡುವ ಹೆಣ್ಣುಮಕ್ಕಳು ರಜೆಯ ದಿನವೆಂದು ತಲೆ ತುಂಬ ಹೂ ಮುಡಿದು ಗುಂಪಾಗಿ ಬಂದರು. ಗೇಟಿನ ಬೋರ್ಡಿನಲ್ಲಿ ಬರೆದಿದ್ದ ಚಿತ್ರದ ಹೆಸರು ಓದಿ, ತಮ್ಮತಮ್ಮಲ್ಲೇ ಏನೋ ಹೇಳಿಕೊಂಡು, ಒಬ್ಬಳು ದೊಡ್ಡಮ್ಮನ ಹತ್ತಿರ ಬಂದಳು. "ಅಕ್ಕಾ, ಅಕ್ಕತಂಗೀರ ಪಿಕ್ಚರ್ ಇಲ್ವಾ? ಒಂದೇ ಸೀರೆ ಇರ್ತದಲ್ಲ, ಅದು."

"ಓಯ್ತು ಕಣಮ್ಮ" ಎಂದಳು ದೊಡ್ಡಮ್ಮ. ಅವರು ಸ್ವಲ್ಪ ಹೊತ್ತು ನೆರಳಲ್ಲಿ ನಿಂತಿದ್ದು, ಬಂದ ದಾರಿಯಲ್ಲೇ ನಡೆದು ಹೋದರು. ಮುಂದಿನ ಭಾನುವಾರವೂ ಇಂಥವರು ಬಂದರು, ಅದರಾಚೆಯ ಭಾನುವಾರ ಇನ್ನೂ ಹೆಚ್ಚು ಮಂದಿ ಬಂದರು. ದೊಡ್ಡಮ್ಮ ಬಾಗಿಲಲ್ಲಿ ನಿಂತು ಎಲ್ಲರಿಗೂ ಅದೇ ಮಾತು ಹೇಳಿದಳು. ಆಮೇಲೆ ಯಾರು ಎಷ್ಟು ವಾರ ಎಂದು ಕೇಳಿದರೂ "ನಂಗೇನ್ ಗೊತ್ತು" ಎನ್ನುತ್ತಿದ್ದಳು.

ಹಾಕಬೇಕಾದೀತೆಂದು ಸಾಹುಕಾರರು ಹೆದರಿದ್ದ ಟಾಕೀಸಿನ ಬಾಗಿಲು ದೊಡ್ಡ ಚಿತ್ರಗಳನ್ನು ಹಾಕಿಯೂ ಮುಚ್ಚಿತು. ಎಲ್ಲ ಕಡೆ ಒಂದೇ ಚಿತ್ರ ಒಂದೇ ದಿನ ಬಂದು ಒಂದೇ ವಾರದಲ್ಲಿ ಹೊರಟುಹೋಗುವ ಕಾಲ ಬಂದಾಗ ನಮ್ಮಂಥ ಟಾಕೀಸಿಗೆ ಬರಬೇಕಾದ ಅಗತ್ಯ ಯಾರಿಗೂ ಉಳಿಯಲಿಲ್ಲ. ಈಗ ಆ ಜಾಗದಲ್ಲಿ ಫ್ಲಾಟುಗಳಿವೆ. ನನ್ನ ಮಗಳು ಶುಕ್ರವಾರ ಮಧ್ಯಾಹ್ನದೊಳಗೇ ಯಾವ ಚಿತ್ರ ಗೆದ್ದಿತು, ಯಾವುದು ಸೋತಿತೆಂದು ಫೋನಿನಲ್ಲಿ ಓದಿ ಹೇಳುತ್ತಾಳೆ. ಸೋತಿತೆಂದು ಅವಳು ಹೇಳುವ ಹೊತ್ತಿಗೆ ಆ ಚಿತ್ರವನ್ನು ಇನ್ನೂ ಯಾವ ಹೆಂಗಸೂ ಪಕ್ಕದ ಮನೆಯವಳಿಗೆ ಹೇಳಿರುವುದಿಲ್ಲ. ನೀವೂ ಹೀಗೆ ಯಾವುದಾದರೂ ಚಿತ್ರಕ್ಕೆ ಒಂದು ವಾರ ತಡವಾಗಿ ಹೋಗಿ, ಬರಿಗೈಯಲ್ಲಿ ಹಿಂತಿರುಗಿದ್ದರೆ ನನ್ನ ಮಾತು ನಿಮಗೆ ಅರ್ಥವಾಗುತ್ತದೆ.

ದೊಡ್ಡಮ್ಮ ತೀರಿಕೊಂಡು ಕೆಲವು ವರ್ಷಗಳಾದವು. ಅವಳ ಹನ್ನೊಂದನೆಯ ದಿನ ಶ್ರೀಕಂಠ ಮಾಮ ಬಂದಿದ್ದರು. ತಲೆ ಪೂರ್ತಿ ಬೆಳ್ಳಗಾಗಿತ್ತು. ಮತ್ತೆ ಚಿತ್ರ ಮಾಡಲಿಲ್ಲ, ಯಲಹಂಕದ ಒಂದು ಶಾಲೆಯಲ್ಲಿ ಡ್ರಾಯಿಂಗ್ ಮೇಷ್ಟ್ರಾಗಿ ನಿವೃತ್ತರಾಗಿದ್ದರು. ಊಟವಾದ ಮೇಲೆ ಬಾಲ್ಕನಿಯಲ್ಲಿ ಕೂತಾಗ, ಅಷ್ಟು ವರ್ಷ ಹೇಳದೆ ಇಟ್ಟುಕೊಂಡದ್ದನ್ನು ಹೇಳಿದೆ.

"ಮಾಮ, ಅವತ್ತು ನಾನು ಕುಣೀತಿದ್ದೆ."

"ಗೊತ್ತಮ್ಮ. ಚೆನ್ನಾಗಿ ಕುಣೀತಿದ್ದೆ" ಎಂದರು. ಅಷ್ಟೇ.

ಚಿತ್ರದ ಒಂದು ಪ್ರತಿಯೂ ಉಳಿದಿಲ್ಲವೆಂದು ಆಮೇಲೆ ಹೇಳಿದರು. ಇಟ್ಟಿದ್ದ ಗೋದಾಮು ಖಾಲಿ ಮಾಡಿದವರು ಹಳೆಯ ರೀಲುಗಳನ್ನೆಲ್ಲ ಬಳೆ ಮಾಡುವವರಿಗೆ ತೂಕಕ್ಕೆ ಹಾಕಿದ್ದರು. ತನಗೇ ಈಗ ಅನುಕ್ರಮ ಮರೆತುಹೋಗುತ್ತಿದೆ, ನಿನಗೆ ನೆನಪಿರುವುದನ್ನು ಹೇಳು ಎಂದರು. ನಾನು ಹೇಳತೊಡಗಿದೆ. ಬಾವಿಕಟ್ಟೆ, ಸೀರೆಯ ಗಂಟು, ಓಲಗ ಕೇಳುತ್ತಾ ಕೂತ ಅಕ್ಕ. ಅವರು ತಲೆಯಾಡಿಸುತ್ತಿದ್ದರು. ಮದುವೆಯ ಮಾರನೆಯ ದಿನ ತಂಗಿ ನಸುಕಿನಲ್ಲೇ ತವರಿಗೆ ನಡೆದು ಬಂದು, ಹಿತ್ತಲಲ್ಲಿ ಆ ಸೀರೆ ಬಿಚ್ಚಿ ಅಕ್ಕನಿಗೆ ಉಡಿಸಿ, ಇಬ್ಬರೇ ಅಡುಗೆಮನೆಯಲ್ಲಿ ಕೂತು ಮದುವೆಯ ಲಾಡು ತಿನ್ನುವುದನ್ನು ಹೇಳಿದಾಗ ಅವರು ತಲೆಯಾಡಿಸುವುದನ್ನು ನಿಲ್ಲಿಸಿದರು.

"ಅದನ್ನ ನಾನು ತೆಗೀಲೇ ಇಲ್ವಲ್ಲಮ್ಮ" ಎಂದರು.

ನಾನು ಯೋಚಿಸಿದೆ. ಬೆಳಿಗ್ಗೆ ಸ್ಕೂಲಿಗೆ ಜಡೆ ಹಾಕುವಾಗ ದೊಡ್ಡಮ್ಮ ಆ ಚಿತ್ರದ ಕಥೆಯನ್ನು ನನಗೆ ಹೇಳುತ್ತಿದ್ದಳು, ಎಷ್ಟೋ ಸಲ, ಎಷ್ಟೋ ವರ್ಷ. ಅವಳು ಹೇಳಿದ್ದಿರಬೇಕು. ಹಾಗೆಂದು ಅವರಿಗೆ ಹೇಳಿದೆ. ಶ್ರೀಕಂಠ ಮಾಮ ಕನ್ನಡಕ ತೆಗೆದು ಜೇಬಿನಲ್ಲಿಟ್ಟುಕೊಂಡರು. ಜಕ್ಕೂರಿನ ಕಡೆಯಿಂದ ಸಣ್ಣ ವಿಮಾನವೊಂದು ಹಾರಿಹೋಯಿತು. ಅವರು ಮೆಲ್ಲಗೆ, "ಸರಿ, ಲಾಡು ತಿಂದಾದ್ಮೇಲೆ ಏನ್ಮಾಡ್ತಾರೆ, ಹೇಳು" ಎಂದರು. ನಾನು ಹೇಳುತ್ತಾ ಹೋದೆ. ಅವರು ಕೈ ಕಟ್ಟಿಕೊಂಡು, ಆ ಚಿತ್ರವನ್ನು ಮೊದಲ ಸಲ ನೋಡುತ್ತಿರುವವರ ಹಾಗೆ ಕೇಳುತ್ತಿದ್ದರು.