ಹೆಪ್ಪಿಲ್ಲದ ಮನೆ

ನಮ್ಮತ್ತೆಗೆ ಮಂಡಿ ಆಪರೇಷನ್ ಆದಾಗ ಡಾಕ್ಟರು ಹೇಳಿದ್ದು ಬಹಳ ಸಣ್ಣ ಮಾತು. ದಿನಾ ಸ್ವಲ್ಪ ಸ್ವಲ್ಪ ನಡೆಯಬೇಕು, ಕೂತುಬಿಟ್ಟರೆ ಮಂಡಿ ಬಿಗಿದುಕೊಳ್ಳುತ್ತದೆ, ಆಮೇಲೆ ನಾನೂ ಏನೂ ಮಾಡಲಾರೆ ಎಂದರು. ಅತ್ತೆ ತಲೆಯಾಡಿಸಿದರು. ಶಿಕಾರಿಪುರಕ್ಕೆ ಬರುವ ದಾರಿಯಲ್ಲಿ, ಕಾರಿನಲ್ಲೇ ಕೈ ಮುಗಿದು, ಕಾಲು ನೆಟ್ಟಗಾದರೆ ಇಪ್ಪತ್ತು ಕಿಲೋಮೀಟರ್ ಆಚೆಯ ಬಳ್ಳಿಗಾವಿಯ ಶಿವನ ಗುಡಿಗೆ ನಡೆದುಕೊಂಡೇ ಬರುತ್ತೇನೆಂದು ಹರಕೆ ಹೊತ್ತರು.

ನಮ್ಮ ಜನರೇ ಹೀಗೆ. ಅಂಗಳದಲ್ಲಿ ನಾಲ್ಕು ಸುತ್ತು ಹಾಕಿ ಎಂದರೆ ಅದು ನಮಗೆ ಸಾಲುವುದಿಲ್ಲ. ದೇವರನ್ನು ನಡುವೆ ತಂದು, ಊರಿಗೆಲ್ಲ ಸಾರಿ, ಮಾಡಲಾಗದ್ದನ್ನೇ ತಲೆಯ ಮೇಲೆ ಹೊತ್ತುಕೊಳ್ಳಬೇಕು. ಅತ್ತೆಯೊಬ್ಬರನ್ನೇ ಏಕೆ ಅನ್ನಲಿ? ಪ್ರತಿ ಯುಗಾದಿಗೂ ಬೇವುಬೆಲ್ಲ ಬಾಯಲ್ಲಿರುವಾಗಲೇ ನಾನು ಮಾಡುವ ಸಂಕಲ್ಪಗಳೇನು ಕಡಿಮೆಯೇ? ಕೋಳಿ ಕೂಗುವ ಮೊದಲೇ ಏಳುತ್ತೇನೆ, ಯೋಗ ಮಾಡುತ್ತೇನೆ, ಮನೆಯವರ ಮೇಲೆ ರೇಗುವುದಿಲ್ಲ. ರೇಗುವುದಿಲ್ಲ ಎಂಬುದು ಅಂದಿನ ಹೋಳಿಗೆ ಊಟದವರೆಗೂ ಬಾಳಿದ ನೆನಪಿಲ್ಲ.

ಅತ್ತೆ ಮನೆಯೊಳಗೆ ಕೋಲು ಹಿಡಿದು ಓಡಾಡುವಷ್ಟಾದ ಕೂಡಲೇ ಬಳ್ಳಿಗಾವಿಗೆ ತಾಲೀಮು ಎಂದು ಒಂದು ಬೆಳಿಗ್ಗೆ ಕೆರೆ ಏರಿಯ ತನಕ ಹೋಗಿಬಿಟ್ಟರು. ಹೊಸದರಲ್ಲಿ ಅಗಸ ಗೋಣಿ ಎತ್ತಿ ಎತ್ತಿ ಒಗೆದನಂತೆ. ವಾಪಸು ಬಂದದ್ದು ಆಟೋದಲ್ಲಿ. ಮಂಡಿ ಊದಿಕೊಂಡಿತು. ಊತ ಇಳಿದ ಮೇಲೂ ಅವರು ಕುರ್ಚಿ ಬಿಡಲಿಲ್ಲ. ಬಚ್ಚಲಿಗೆ, ಊಟಕ್ಕೆ ಬಿಟ್ಟರೆ ಏಳುತ್ತಲೇ ಇರಲಿಲ್ಲ. ಶಿವನಿಗೇ ನಾನು ನಡೆಯುವುದು ಬೇಡವಾಗಿದೆ ಎನ್ನುವರು. ಮಗ ಹೇಳಿದರೂ ಇಲ್ಲ, ಡಾಕ್ಟರು ಗದರಿದರೂ ಇಲ್ಲ.

ಒಂದು ದಿನ ಅವರ ಕಾಲಿಗೆ ಎಣ್ಣೆ ಹಚ್ಚುತ್ತಿದ್ದೆ. ಎತ್ತಲೋ ನೋಡುತ್ತ ಅವರು ಹೇಳಿದರು: “ಸಾಯಾಕೆ ಹೆದ್ರಿಕಿಲ್ಲ ಕಣವ್ವ. ನನ್ನ ಇನ್ನೊಬ್ರು ಬಚ್ಚಲಿಗೆ ಎತ್ಕೊಂಡು ಹೋಗೋ ದಿನ ಮಾತ್ರ ಬರಬಾರ್ದು.”

ಈ ಮನೆಗೆ ಸೊಸೆಯಾಗಿ ಬಂದಾಗಿನಿಂದ ಅವರು ಯಾರಿಂದಲೂ ಒಂದು ಲೋಟ ನೀರನ್ನು ಕೇಳಿ ಕುಡಿದದ್ದು ನಾನು ಕಂಡಿರಲಿಲ್ಲ. ಆ ದಿನ ಬರಬಾರದು ಎನ್ನುವವರು ಕುರ್ಚಿಯಲ್ಲಿ ಕೂತು ಅದನ್ನೇ ಬರಮಾಡಿಕೊಳ್ಳುತ್ತಿದ್ದರು.

ನಾನು ಸೊರಬದ ಶಾಲೆಯೊಂದರಲ್ಲಿ ಟೀಚರು. ಬೆಳಿಗ್ಗೆ ಬಸ್ಸು ಹತ್ತಿದರೆ ಸಂಜೆ ಬಸ್ಸಿಳಿಯುವ ಹೊತ್ತಿಗೆ ಯಾರಾದರೂ ಮಾತಾಡಿಸಿದರೂ ಮೈ ಉರಿಯುತ್ತದೆ. ಅಂಥ ಒಂದು ಸಂಜೆ ಮನೆಗೆ ಬಂದರೆ, ಮಧ್ಯಾಹ್ನ ಬಂದ ನೆಂಟರಿಗೆಂದು ಇದ್ದ ಮೊಸರೆಲ್ಲ ಮಜ್ಜಿಗೆಯಾಗಿ ಖರ್ಚಾಗಿತ್ತು. ಕಾಯಿಸಿದ ಹಾಲಿಗೆ ಬಿಡಲು ಒಂದು ಚಮಚ ಹೆಪ್ಪೂ ಉಳಿದಿರಲಿಲ್ಲ. ನನಗೆ ಬೇರೆ ಮನೆಗೆ ಹೋಗಿ ಕೇಳುವಷ್ಟು ತ್ರಾಣವಿರಲಿಲ್ಲ. ನಾಳೆ ಪ್ಯಾಕೆಟ್ ಮೊಸರು ತಂದರಾಯಿತು ಎಂದೆ.

ಪ್ಯಾಕೆಟ್ ಮೊಸರು ಎಂಬ ಮಾತು ಅತ್ತೆಗೆ ಬೈಗುಳವಿದ್ದಂತೆ. ರಾತ್ರಿ ಹಾಲಿಗೆ ಹೆಪ್ಪು ಹಾಕದೆ ಮಲಗಿದ ಮನೆ ಮನೆಯೇ ಅಲ್ಲ ಎನ್ನುವವರು ಅವರು. ಹೊರಗೆ ನೋಡಿದರು. ಬೀದಿಯಲ್ಲಿ ಇನ್ನೂ ಬೆಳಕಿತ್ತು. ದೀಪ ಹಚ್ಚಿದ ಮೇಲೆ ಹಾಲು, ಮೊಸರು, ಉಪ್ಪನ್ನು ನಮ್ಮಲ್ಲಿ ಯಾರೂ ಮನೆಯಿಂದ ಹೊರಗೆ ಕೊಡುವುದಿಲ್ಲ. ಲಕ್ಷ್ಮಿ ಹೋಗುತ್ತಾಳೆಂಬ ನಂಬಿಕೆ. ಅಂದರೆ ಹೋಗುವುದಾದರೆ ಆಗಲೇ ಹೋಗಬೇಕು. ಅತ್ತೆ ಕುರ್ಚಿಯ ತೋಳು ಹಿಡಿದು ಎದ್ದು, ಒಂದು ಕೈಲಿ ಕೋಲು, ಇನ್ನೊಂದು ಕೈಲಿ ಸ್ಟೀಲಿನ ಬಟ್ಟಲು ಹಿಡಿದು, ನನ್ನನ್ನು ಬೈಯುತ್ತಲೇ ಹೊರಟರು.

ನಾನು ಬಾಗಿಲಲ್ಲಿ ನಿಂತು ನೋಡಿದೆ. ನಮ್ಮ ಸಾಲಿನ ಕೊನೆಯ ಮನೆಯಲ್ಲಿ ಅವರಿಗಿಂತ ತುಸು ಚಿಕ್ಕವರಾದ, ಗಂಡನನ್ನು ಕಳೆದುಕೊಂಡ ಹೆಂಗಸಿದ್ದಾರೆ. ಎಮ್ಮೆ ಸಾಕಿದವರು. ಅಲ್ಲಿಯವರೆಗೆ ಹೋಗಿ, ಜಗಲಿ ಮೇಲೆ ಕೂತು ಸುಧಾರಿಸಿಕೊಂಡು, ಬಟ್ಟಲಲ್ಲಿ ಹೆಪ್ಪು ಹಿಡಿದು ಬಂದರು. ಮಂಡಿ ಊದಲಿಲ್ಲ.

ಮಾರನೆಯ ದಿನ ನಾನೊಂದು ಕಳ್ಳಾಟ ಹೂಡಿದೆ. ಅವರು ಹೋಗದಿದ್ದರೆ ಹೆಪ್ಪಿಗಿರಲೆಂದು ಹೊಸ ಮೊಸರಿನಲ್ಲಿ ಒಂದಿಷ್ಟನ್ನು ಫ್ರಿಜ್ಜಿನಲ್ಲಿ ಕರಿಬೇವಿನ ಕವರಿನ ಹಿಂದೆ ಅಡಗಿಸಿಟ್ಟು, ಉಳಿದದ್ದನ್ನು ಖಾಲಿ ಮಾಡಿ, ಸಂಜೆ ಹೆಪ್ಪಿಲ್ಲ ಎಂದೆ. ಅತ್ತೆ ಎಂಥ ಸೊಸೆ ಸಿಕ್ಕಳಪ್ಪ ಎಂದು ಗೊಣಗುತ್ತ ಬಟ್ಟಲು ತೆಗೆದುಕೊಂಡರು. ಅದರ ಮಾರನೆಯ ದಿನವೂ ಅಷ್ಟೆ. ಬರಬರುತ್ತ ನಾನು ಹೇಳುವ ಮೊದಲೇ ಬಟ್ಟಲು ತೊಳೆದಿಟ್ಟುಕೊಂಡು ಕಾಯತೊಡಗಿದರು. ಮಳೆಗಾಲ ಕಳೆಯುವಷ್ಟರಲ್ಲಿ ಕೋಲು ಊರುವುದಕ್ಕಿಂತ ನಾಯಿ ಓಡಿಸುವುದಕ್ಕೇ ಹೆಚ್ಚು ಬೇಕಾಗುತ್ತಿತ್ತು. ಅವರು ಹೋಗಿ ಬರುವಷ್ಟು ಹೊತ್ತು ನನಗೂ ಒಬ್ಬಳೇ ಕೂತು ಚಹಾ ಕುಡಿಯಲು ಬಿಡುವು ಸಿಕ್ಕಿತು. ಯಾವ ಯುಗಾದಿಗೂ ಜಗ್ಗದ ನನ್ನ ಸಂಜೆಯ ಸಿಡುಕು ಒಂದು ಲೋಟ ಚಹಾಕ್ಕೆ ಇಳಿದದ್ದು ಕಂಡು ನನಗೇ ನಾಚಿಕೆಯಾಯಿತು.

ಚಳಿ ಶುರುವಾದಾಗ ಅತ್ತೆಗೆ ಜ್ವರ ಬಂತು. ಅಂದು ನಾನೇ ಬಟ್ಟಲು ಹಿಡಿದು ಹೋದೆ. ಫ್ರಿಜ್ಜಿನಲ್ಲಿ ಅಡಗಿಸಿದ್ದನ್ನು ಎಲ್ಲರೆದುರು ತೆಗೆಯುವ ಹಾಗಿರಲಿಲ್ಲವಲ್ಲ. ಕೊನೆಮನೆಯವರು ಜಗಲಿಯಲ್ಲೇ ಕೂತಿದ್ದರು. ತಲೆ ಬಾಚಿ, ಒಳ್ಳೆಯ ಸೀರೆ ಉಟ್ಟಿದ್ದರು. ನನ್ನನ್ನು ಕಂಡು ಅವರ ಮುಖ ಬಾಡಿತು. ಅಕ್ಕ ಯಾಕೆ ಬರಲಿಲ್ಲವೆಂದು ಕೇಳಿದರು. ಕೊಟ್ಟಿಗೆಯ ಕಡೆ ನೋಡಿದರೆ ಅಲ್ಲಿ ಎಮ್ಮೆಯೇ ಇಲ್ಲ, ಸೌದೆ ಒಟ್ಟಿದ್ದಾರೆ. ಎಮ್ಮೆ ಎಲ್ಲಿ ಎಂದೆ.

“ಅದನ್ನ ಕೊಟ್ಟು ಬಾಳ ದಿನ ಆತು. ನಮ್ಮನಿಗೀಗ ಪ್ಯಾಕೆಟ್ಟೇ ಬರೋದು,” ಎಂದರು. ಆಮೇಲೆ ದನಿ ತಗ್ಗಿಸಿದರು. “ಅಕ್ಕಂಗೆ ಹೇಳ್ಬ್ಯಾಡ್ರಿ. ಹಿಂದಿನ ಬೀದಿಗೆ ಹೋಗಿ ದಿನಾ ಒಂಚೂರು ಹೆಪ್ಪು ಇಸ್ಕೊಂಡು ಬಂದು ಇಟ್ಟಿರ್ತೀನಿ. ಬಟ್ಲು ಖಾಲಿ ಕಳ್ಸಿದ್ರೆ ಅಕ್ಕ ನಾಳಿಂದ ಬರ್ತಾರೇನ್ರಿ?”

ಗಂಡ ಹೋದ ಮೇಲೆ ಈಕೆ ಹೊಸಿಲು ದಾಟುವುದನ್ನೇ ಬಿಟ್ಟಿದ್ದರು ಎಂಬುದು ನಮ್ಮ ಬೀದಿಗೆಲ್ಲ ಗೊತ್ತಿದ್ದ ಸಂಗತಿ. ಅಂಥವರು ಈಗ ದಿನಾ ಹಿಂದಿನ ಬೀದಿಗೆ ಹೋಗಿಬರುತ್ತಿದ್ದರು. ನಾನು ಬಟ್ಟಲು ಹಿಡಿದು ಮನೆಗೆ ಬಂದೆ.

ಅತ್ತೆ ಕಂಬಳಿ ಹೊದ್ದು ಮಲಗಿದ್ದರು. ಕಣ್ಣು ಬಿಡದೆಯೇ ಕೇಳಿದರು, ಅವಳು ತಲೆ ಬಾಚಿಕೊಂಡಿದ್ದಳೋ ಇಲ್ಲವೋ ಎಂದು. ಬಾಚಿಕೊಂಡಿದ್ದರು ಎಂದೆ. ಸಮಾಧಾನದಿಂದ ಉಸಿರುಬಿಟ್ಟು, “ಫ್ರಿಜ್ಜಿನಾಗೆ ಕರಿಬೇವಿನ ಹಿಂದೆ ಇಟ್ಟೀಯಲ್ಲ, ಅದು ಹುಳಿ ಬಂದೈತೆ. ಚೆಲ್ಲು,” ಎಂದರು.

ನಾನು ಪೆಚ್ಚಾಗಿ ನಿಂತೆ. ಗೊತ್ತಿದ್ದೂ ಯಾಕೆ ಹೋಗುತ್ತಿದ್ದಿರಿ ಎಂದು ಕೇಳಿದೆ.

“ಮೊದ್ಲು ಗೊತ್ತಿರ್ಲಿಲ್ಲ. ಗೊತ್ತಾಗೋ ಹೊತ್ತಿಗೆ ಅವಳ ಖಾಲಿ ಕೊಟ್ಟಿಗೇನೂ ನೋಡಿದ್ದೆ. ಎಮ್ಮೆ ಇಲ್ದೋಳು ಹೆಪ್ಪು ಎಲ್ಲಿಂದ ತರ್ತಾಳೆ? ನಾನು ಹೋಗ್ಲಿಲ್ಲ ಅಂದ್ರೆ ಅವಳು ಮತ್ತೆ ಬಾಗ್ಲು ಹಾಕ್ಕೊಂಡು ಕೂರ್ತಾಳೆ ಕಣವ್ವ.”

ಜ್ವರ ಇಳಿದ ಸಂಜೆ ಅತ್ತೆ ಬಟ್ಟಲು ಹಿಡಿದು ಹೊಸಿಲಲ್ಲಿ ನಿಂತಿದ್ದರು. ಇನ್ನೆರಡು ದಿನ ಬೇಡ ಎನ್ನಲು ಬಾಯಿ ತೆರೆದವಳು, ಸುಮ್ಮನೆ ಕೋಲು ತಂದು ಕೈಗಿಟ್ಟೆ. ಬಳ್ಳಿಗಾವಿಯ ಹರಕೆ ಹಾಗೇ ಇದೆ. ಶಿವ ಕೇಳಿದರೆ ಹೆಪ್ಪಿನ ಕೆಲಸ ಮುಗಿಯಲಿ ಎಂದು ಹೇಳುತ್ತಾರಂತೆ. ಅವರು ಬೀದಿಗಿಳಿದ ಮೇಲೆ ನಾನು ಫ್ರಿಜ್ಜು ತೆಗೆದು ಕರಿಬೇವಿನ ಹಿಂದಿದ್ದುದನ್ನು ಚೆಲ್ಲಿ, ಪಾತ್ರೆ ತೊಳೆದು ಬೋರಲು ಹಾಕಿದೆ. ಅಂದಿನಿಂದ ನಮ್ಮ ಮನೆಯಲ್ಲಿ ಸಂಜೆಯಾದರೆ ನಿಜಕ್ಕೂ ಹೆಪ್ಪಿರುವುದಿಲ್ಲ.