ಸೀಳಿನಲ್ಲಿ ಕಂಡ ಸಮುದ್ರ

ಸೈನ್ಯದವರು ಎಂದೋ ಬಿಟ್ಟುಹೋದ ಈ ಕಡಲತೀರದಲ್ಲಿ ಈಗ ಜನ ಹಕ್ಕಿ ನೋಡುತ್ತ ನಡೆಯುತ್ತಾರೆ. ಚಿಕ್ಕಂದಿನಲ್ಲಿ ಅಪ್ಪನ ಜೊತೆ ಬಂದು, ಇಲ್ಲಿನ ಗೋಡೆಯ ಸೀಳೊಂದರಲ್ಲಿ ಮೊದಲ ಸಲ ಸಮುದ್ರ ನೋಡಿದ ನೆನಪು ನನಗೆ.

“ನೀನು ನೋಡಿದ್ದು ಮುರುಗಮಲ್ಲದ ಕಡೆ ಯಾವ್ದೋ ಕೆರೆ ಕಣೋ,” ಎಂದು ಜೊತೆಗೆ ಬಂದಿದ್ದ ಅಕ್ಕ, ನಮ್ಮೂರು ಚಿಂತಾಮಣಿ ಬಿಟ್ಟಾಗಿನಿಂದ ದಾರಿಯುದ್ದಕ್ಕೂ ರೇಗಿಸುತ್ತಿದ್ದಳು. ನನಗೂ ಅನುಮಾನ ಹತ್ತಿತ್ತು.

ಸರ್ವೆ ಮರಗಳ ಹಿಂದೆ ಬಂಕರೊಂದು ಸಿಕ್ಕಿತು. ಬಂದೂಕು ತೂರಿಸುವ ಸೀಳೂ ಇತ್ತು, ಆದರೆ ನನ್ನ ಸೊಂಟದ ಮಟ್ಟಕ್ಕೆ. ನಾನು ನೋಡಿದ್ದು ನೆಟ್ಟಗೆ ನಿಂತುಕೊಂಡು. ಇದಲ್ಲವೆಂದು ಹೊರಟವನಿಗೆ ತಟ್ಟನೆ ಹೊಳೆಯಿತು: ಆಗ ನನ್ನ ಎತ್ತರವೇ ಅಷ್ಟು. ಓಡಿಬಂದು ಮಂಡಿಯೂರಿದೆ. ಸೀಳಿನ ತುಂಬ ಅದೇ ಸಮುದ್ರ.

“ಜರುಗಪ್ಪ ಆ ಕಡೆ,” ಎಂದು ಅಕ್ಕನೂ ಕೂತು ಕಣ್ಣಿಟ್ಟಳು. ಸೀಳಿನಿಂದ ಕಣ್ಣು ತೆಗೆಯದೆ ಕೇಳಿದಳು, “ಈ ನಿನ್ನ ಕೆರೆ ಕೋಡಿ ಬೀಳೋದು ಯಾವ ಕಡೇನೋ?”