ಕಂಡದ್ದೋ, ಗೊತ್ತಿದ್ದದ್ದೋ

ಅವಳಿಗೆ ಯಾಕಮ್ಮ ಎಂದು ಹೆಸರಿಟ್ಟವನು ಅಣ್ಣ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂದು ಅಪ್ಪ ಹೇಳುತ್ತಿದ್ದುದು ತರಕಾರಿ ಕೊಳ್ಳುವಾಗ ಮಾತ್ರ. ಮಗಳು ಯಾಕೆ ಯಾಕೆ ಎನ್ನುತ್ತ ಅದನ್ನು ಸೂರ್ಯ ಚಂದ್ರರಿಗೂ ಅನ್ವಯಿಸತೊಡಗಿದ್ದಳು. ಅವಳು ಬಂದಳೆಂದರೆ ಅಣ್ಣ, "ಯಾಕಮ್ಮ ಬಂದ್ಲು, ಎಲ್ಲರೂ ಬಾಯಿಗೆ ಬೀಗ ಹಾಕ್ಕೊಳಿ" ಎನ್ನುತ್ತಿದ್ದ.

ಆ ಯಾಕಮ್ಮ ಈಗ ಕನ್ನಡಕದ ಅಂಗಡಿಯೊಂದರ ಹಿಂಬದಿಯ ಕತ್ತಲ ಕೋಣೆಯಲ್ಲಿ ಕಣ್ಣು ಪರೀಕ್ಷಿಸುತ್ತಾಳೆ. ಒಂದು ಕುರ್ಚಿ, ಎದುರು ಗೋಡೆಯಲ್ಲಿ ಬೆಳಗುವ ಅಕ್ಷರಗಳ ಫಲಕ, ಪೆಟ್ಟಿಗೆಯ ತುಂಬ ದುಂಡನೆಯ ಗಾಜುಗಳು. ಗಾಜು ಬದಲಿಸುತ್ತ ಇದು ಚೆನ್ನಾಗಿದೆಯೋ ಅದೋ ಎಂದು ಕೇಳುವುದೇ ಕೆಲಸ. ನಡುನಡುವೆ, ಇಟ್ಟ ಗಾಜನ್ನೇ ತೆಗೆದು ಮತ್ತೆ ಅದನ್ನೇ ಇಟ್ಟು ಕೇಳುವಳು. ಹೆಚ್ಚಿನವರು ತಡವರಿಸದೆ ಎರಡನೆಯದೇ ವಾಸಿ ಎನ್ನುತ್ತಾರೆ. ಕೇಳಿದ ಮೇಲೆ ಏನಾದರೊಂದು ಹೇಳದಿದ್ದರೆ ಮರ್ಯಾದೆ ಹೋಗುತ್ತದೆಂಬ ಭಯ ಜನರಿಗೆ. ಗಿರಾಕಿಗೆ ಕನ್ನಡಕ ಕೊಡು ಎಂದರೆ ವೇದಾಂತ ಕೊಡುತ್ತಾಳೆಂದು ಮಾಲೀಕರು ಗೊಣಗುತ್ತಿದ್ದರು. ಅವಳು ಬಿಟ್ಟವಳಲ್ಲ. ಪ್ರಶ್ನೆಯೂ ಒಂದು ಉಪಕರಣವೇ; 'ಗೊತ್ತಿಲ್ಲ' ಎಂಬ ಉತ್ತರಕ್ಕೆ ಅದರಲ್ಲಿ ಜಾಗವಿಲ್ಲದಿದ್ದರೆ ಅದು ಒಂದೇ ಕಡೆ ವಾಲುವ ತಕ್ಕಡಿ ಎಂಬುದು ಅವಳ ಲೆಕ್ಕ.

ಒಂದು ಮಧ್ಯಾಹ್ನ ಅಣ್ಣನೇ ಆ ಕುರ್ಚಿಯಲ್ಲಿ ಬಂದು ಕುಳಿತ. ದೂರದ ಮಾರ್ಗದ ಬಸ್ಸು ಓಡಿಸುವವನು. ಕಣ್ಣು ಸರಿಯಿದೆಯೆಂಬ ಪ್ರಮಾಣಪತ್ರವನ್ನು ಬಸ್ಸಿನ ಕಚೇರಿ ಕೇಳಿತ್ತು. ಸರಿಯಿಲ್ಲದವರು ಡಿಪೋದಲ್ಲಿ ಟೈರು ಕಾಯಬೇಕು. ಹೊರಗೆ ಬೆಂಚಿನ ಮೇಲೆ ಅತ್ತಿಗೆ ಕಾಯುತ್ತಿದ್ದಳು. ಬಸ್ಸಿಲ್ಲದಿದ್ದರೆ ಅವನಿಗೆ ಅನ್ನ ಸೇರುವುದಿಲ್ಲ, ಬೇಗ ಸಹಿ ಹಾಕಿ ಕಳಿಸು ಎಂದು ಆಗಲೇ ಹೇಳಿಯಾಗಿತ್ತು.

ಅಣ್ಣ ಕೊನೆಯ ಸಣ್ಣ ಸಾಲನ್ನು ನೀರು ಕುಡಿದಂತೆ ಓದಿದ. ಆ ಸಲೀಸೇ ಅವಳಿಗೆ ಮುಳ್ಳಾಯಿತು. ಪೆಟ್ಟಿಗೆಯಿಂದ ದಪ್ಪನೆಯದೊಂದು ಗಾಜು ತೆಗೆದು, ಅವನ ಒಂದು ಕಣ್ಣು ಮುಚ್ಚಿಸಿ ಇನ್ನೊಂದರ ಮುಂದೆ ಸಿಕ್ಕಿಸಿದಳು. ಅದರೊಳಗಿಂದ ಗೋಡೆಯೇ ಮಂಜಾಗಬೇಕು. ಅಣ್ಣ ಮತ್ತೆ ಓದಿದ. ಒಂದಕ್ಷರವೂ ತಪ್ಪಲಿಲ್ಲ.

ಸಂಜೆ ಅವಳನ್ನು ಮನೆಗೆ ಕರೆದೊಯ್ಯಲು ಬಂದಾಗಲೆಲ್ಲ ಅವನು ಅದೇ ಕುರ್ಚಿಯಲ್ಲಿ ಆ ಫಲಕ ನೋಡುತ್ತ ಕಾಯುತ್ತಿದ್ದುದು ಅವಳಿಗೆ ನೆನಪಾಯಿತು. ಜೊತೆಗೇ ತನ್ನ ಮೇಲೂ ಅನುಮಾನ ಬಂತು: ನಾನು ತಡೆಯುತ್ತಿರುವುದು ಕಂಡದ್ದರಿಂದಲೋ, ಚಿಕ್ಕಂದಿನ ಸೇಡಿನಿಂದಲೋ? ಅದನ್ನೂ ಪರೀಕ್ಷಿಸದೆ ಬಿಡಬಾರದೆಂದು ಫಲಕ ತೆಗೆದು ಹೊಸದೊಂದನ್ನು ತೂಗುಹಾಕಿದಳು. ದಪ್ಪ ಗಾಜನ್ನೂ ಕಿತ್ತಳು. ಅಣ್ಣ ನಾಲ್ಕನೆಯ ಸಾಲಿನಲ್ಲೇ ನಿಂತ.

"ಈ ಬೋರ್ಡು ಸರಿಯಿಲ್ಲ. ಮೊದಲಿನದನ್ನ ನಾನು ಸರಿಯಾಗಿ ಓದಿದೆ ತಾನೇ?"

"ಓದಿದೆ ನೀನು."

"ಮತ್ತೇನು ನಿಂದು?"

"ಅಣ್ಣ, ಅದು ನಿಂಗೆ ಕಂಡಿದ್ದೋ, ಗೊತ್ತಿದ್ದದ್ದೋ?"

"ಶುರುವಾಯ್ತಪ್ಪ ಪುರಾಣ. ಎರಡರಲ್ಲಿ ಯಾವುದಾದ್ರೆ ಏನು, ಸರಿ ಬಂತಲ್ಲ."

ಅವಳು ದಪ್ಪ ಗಾಜನ್ನು ಅವನ ಕೈಗಿಟ್ಟು ಅಂಗಡಿಯ ಬಾಗಿಲವರೆಗೆ ಕರೆದೊಯ್ದಳು. ಇದರಲ್ಲೇ ನೀನು ಓದಿದ್ದು ಎಂದಳು. ಅವನು ಒಂದು ಕಣ್ಣು ಮುಚ್ಚಿ ಅದನ್ನು ಇನ್ನೊಂದಕ್ಕೆ ಹಿಡಿದ. ಎದುರಿನ ಅಂಗಡಿ, ದೀಪದ ಕಂಬ, ಬೆಂಚಿನ ಮೇಲಿನ ಹೆಂಡತಿ ಎಲ್ಲ ಕರಗಿಹೋಯಿತು. ಗಾಜು ಇಳಿಸಿದ, ಮತ್ತೆ ಹಿಡಿದ. ಸುಳ್ಳು ಹೇಳಿ ಸಿಕ್ಕಿಬಿದ್ದವನ ಮುಖವಲ್ಲ ಅದು. ಅಕ್ಷರಗಳು ನಿಜವಾಗಿ ಕಂಡವೆಂದೇ ಅವನು ನಂಬಿದ್ದ.

"ಮೊನ್ನೆ ಒಬ್ರು ಅಜ್ಜಿ ಬಸ್ಸಿಗೆ ಕೈ ಅಡ್ಡ ಹಾಕಿದ್ರಂತೆ," ಎಂದ ಗಾಜನ್ನು ಅವಳಿಗೆ ಹಿಂದಿರುಗಿಸುತ್ತ. "ನಾನು ಕಂಬ ಅಂದ್ಕೊಂಡು ನಿಲ್ಲಿಸ್ದೆ ಹೋದೆ. ಆ ಜಾಗದಲ್ಲಿ ಯಾವಾಗ್ಲೂ ಯಾರೂ ಇರಲ್ಲ ನೋಡು."

ಏನಂತೆ, ಆಯ್ತಾ ಎಂದು ಅತ್ತಿಗೆ ಎದ್ದು ಬಂದಳು. ಇಲ್ಲ, ಈ ಪತ್ರಕ್ಕೆ ಇವತ್ತು ಸಹಿ ಹಾಕುವುದಿಲ್ಲ, ಡಿಪೋಗೆ ಹಾಕಿದರೂ ಸರಿ ಎಂದು ಯಾಕಮ್ಮ ಸ್ಪಷ್ಟವಾಗಿ ಹೇಳಿದಳು. ಕನ್ನಡಕದಿಂದ ಎಷ್ಟು ಸರಿಹೋಗುತ್ತದೋ ನೋಡಬೇಕು, ಅದಕ್ಕೆ ಅಣ್ಣ ಸಹಕರಿಸಬೇಕು. ಕಂಡದ್ದನ್ನು ಕಂಡ ಹಾಗೆ ಹೇಳಿದರೆ ಕೆಂಡದಂಥ ಕೋಪ ಬರುತ್ತದೆಂದು ಗೊತ್ತಿದ್ದೇ ಹೇಳಿದಳು. ಅತ್ತಿಗೆ ಮುಖ ತಿರುಗಿಸಿದಳು. ಅಣ್ಣ ಮಾತ್ರ ಮತ್ತೆ ಕುರ್ಚಿಗೆ ಹೋಗಿ ಕುಳಿತ.

ಅವಳು ಒಂದು ಗಾಜು ಇಟ್ಟಳು, ತೆಗೆದಳು, ಅದನ್ನೇ ಮತ್ತೆ ಇಟ್ಟಳು. ಮೊದಲನೆಯದೋ, ಎರಡನೆಯದೋ?

ಅಣ್ಣ ಬಾಯಿ ತೆರೆದವನು ಮುಚ್ಚಿಕೊಂಡ. ಹೊಸ ಊರಿನ ತಿರುವಿನಲ್ಲಿ ಬಸ್ಸು ತಂದವನಂತೆ ಕುತ್ತಿಗೆ ಚಾಚಿ ನೋಡಿದ.

"ನಂಗ್ಯಾಕೋ ಎರಡೂ ಒಂದೇ ಥರ ಅನ್ಸುತ್ತೆ. ಹೌದಾ?"

"ನನ್ನ ಕೇಳ್ಬೇಡ. ಇನ್ನೊಂದ್ಸಲ ನೋಡಿ ಹೇಳು," ಎಂದು ಅವಳು ಮುಂದಿನ ಗಾಜಿಗೆ ಕೈ ಹಾಕಿದಳು.